ಹುಣಸೆಹಣ್ಣಿನಲ್ಲಿ ತೊಳೆದ ಕಂಚು

"ಪಾತ್ರೆ ತಿಕ್ಕೋ ನನ್ಮಗ ಬಂದವ್ನೆ, ದಾರಿ ಬಿಡ್ರಪ್ಪೋ! ಎಂಟನೇ ಕ್ಲಾಸು ದಾಟಕ್ಕಾಗದೋನು ಪೊಲೀಸ್ನೋರಿಗೆ ಪಾಠ ಹೇಳಕ್ಕೆ ಬಂದವ್ನೆ!"

ಭೈರವಾನಿತಿಪ್ಪ ಜಲಾಶಯದ ಕಟ್ಟೆಯ ಮೇಲೆ ನೆರೆದಿದ್ದ ಮೂವತ್ತು ನಲವತ್ತು ಜನ ಒಟ್ಟಿಗೆ ತಿರುಗಿ ನೋಡಿದರು. ಯಾರೋ ಹಿಂದಿನಿಂದ ಕಿಸಕ್ಕೆಂದರು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿ ನೀರಿನ ಅಂಚಿನಲ್ಲಿ ಬಲೆ ಒಣಗಿಸುತ್ತಿದ್ದವರ ತನಕ ಹೋಯಿತು.

ಆಂಜನೇಯ ಮೆಟ್ಟಿಲ ಮೇಲೇ ನಿಂತ. ಕಿವಿ ಸುಡುತ್ತಿತ್ತು. ಎಂಟನೇ ಕ್ಲಾಸು ನಿಜ. ಪಾತ್ರೆ ತಿಕ್ಕುವುದೂ ನಿಜ. ನಿಜವನ್ನೇ ಬೈಗುಳ ಮಾಡಿ ಎಸೆದರೆ ಹಿಡಿಯುವುದೆಲ್ಲಿ, ತಿರುಗಿ ಎಸೆಯುವುದೆಲ್ಲಿ?

ಬೈದವನು ಪ್ರಸಾದ್, ಮಡಕಶಿರದವನು, ಸತ್ತವರ ಅಳಿಯ. ಹನ್ನೆರಡು ದಿನದ ಹಿಂದೆ ಹಾಡಹಗಲಲ್ಲಿ, ಇದೇ ನೀರಿನಲ್ಲಿ, ಉಮಾಮಹೇಶ್ವರ ಅವರ ಹಾಯಿದೋಣಿಯ ಕಂಬದ ಹಗ್ಗ ಹಿಡಿದಿದ್ದ ಕಂಚಿನ ಕೊಂಡಿಯೊಂದು ಮುರಿದು, ಕಂಬ ತಲೆಯ ಮೇಲೆ ಬಿದ್ದು ಆತ ಮುಳುಗಿದ್ದರು. ಆ ಕೊಂಡಿ ಎರಕ ಹೊಯ್ದವನು ರಾಯದುರ್ಗದ ಸೂರಪ್ಪ, ಆಂಜನೇಯನ ಸೋದರಮಾವ. ಸಂಜೆಯೊಳಗೆ ಬೇರೇನೂ ತಿಳಿಯದಿದ್ದರೆ ಸೂರಪ್ಪನ ಹೆಸರಿಗೆ ಕೇಸು ಬರೆದು ಒಳಗೆ ಹಾಕುವುದೆಂದು ನಿಕ್ಕಿಯಾಗಿತ್ತು.

ಅಪ್ಪ ಅಮ್ಮ ಇಲ್ಲದವನಿಗೆ ಅನ್ನ ಹಾಕಿದ ಮಾವ. ಓಬಳಾಪುರದ ಲಾರಿ ಶೆಡ್ಡಿನಲ್ಲಿ ಗ್ರೀಸು ಬಳಿಯುತ್ತಿದ್ದವನನ್ನು ನಾಲ್ಕು ವರ್ಷದ ಹಿಂದೆ ಕರೆದು ತಂದು ಕುಲುಮೆಯ ಮುಂದೆ ಕೂರಿಸಿದ ಮಾವ.

"ಬಾರಪ್ಪಾ ಆಂಜನೇಯ," ಎಸ್ಸೈ ಅರುಣ್‌ಕುಮಾರ್ ಕೈಯೆತ್ತಿ ಕರೆದರು. ಅನಂತಪುರದ ಕಡೆಯವರು, ಕನ್ನಡದ ನಡುವೆ ತೆಲುಗು ತಾನಾಗಿ ಬರುತ್ತಿತ್ತು. "ಅರ್ಧ ಗಂಟೆ ಟೈಮು ಕೊಟ್ಟಿದ್ದೀನಿ. ಆಮೇಲೆ ಅವರು ದೋಣಿ ಒಯ್ತಾರೆ. ಕಾನಿ, ತ್ವರಗಾ, ಬೇಗ ನೋಡು."

ಕಟ್ಟೆಯ ಕೆಳಗೆ ಟ್ರ್ಯಾಕ್ಟರೊಂದು ಗುಡುಗುಡು ಎನ್ನುತ್ತ ನಿಂತಿತ್ತು. ದೋಣಿಯನ್ನು ಇವತ್ತೇ ಮಡಕಶಿರಕ್ಕೆ ಸಾಗಿಸಬೇಕೆಂದು ಪ್ರಸಾದನ ಹಟ. ಹನ್ನೆರಡು ದಿನ ಬಿಟ್ಟವನಿಗೆ ಇವತ್ತೇ ಯಾಕೆ ಅಷ್ಟು ಅವಸರ? ಆಂಜನೇಯ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಇಳಿಜಾರಿನಲ್ಲಿ ಇಳಿದ.

ಇಳಿದವನು ದೋಣಿಯನ್ನು ನೋಡಿದ. ನೋಡಿ ಅಲ್ಲೇ ನಿಂತ.

ದೋಣಿ ಮದುಮಗಳ ಹಾಗೆ ಕೂತಿತ್ತು. ಮೂತಿಗೆ ಚೆಂಡುಹೂವಿನ ಸರ, ಮೈಗೆ ಮೂರು ಬೆರಳಿನ ವಿಭೂತಿ, ಅಲ್ಲಲ್ಲಿ ಕುಂಕುಮ. ಅಂಚಿನುದ್ದಕ್ಕೂ ಇದ್ದ ಕಂಚಿನ ಕೊಂಡಿಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಬಂಗಾರ ನಾಚಬೇಕು, ಹಾಗೆ.

"ಯಾರು ತಿಕ್ಕಿದ್ದು ಇದನ್ನ?" ಅವನ ದನಿ ಕಿರುಚಿದಂತೆ ಬಂತು.

"ನಾನ ತಿಕ್ಕಿಸಿದ್ದಪ್ಪ," ಎಂದರು ಶಂಕ್ರಮ್ಮ.

ಉಮಾಮಹೇಶ್ವರ ಅವರ ಹೆಂಡತಿ. ಕಲ್ಲಿನ ಮೆಟ್ಟಿಲ ಮೇಲೆ ಕೊಡೆ ಹಿಡಿದು ಕೂತಿದ್ದರು. ಹಣೆಯಲ್ಲಿ ವಿಭೂತಿ ಮಾತ್ರ. "ನಿನ್ನೆ ಅಮಾಸಿ ಅಲ್ಲೇನು? ಊರಾಗ ತಕ್ಕಡಿಗೆ ಪೂಜೆ, ಲಾರಿಗೆ ಪೂಜೆ, ಬೋರ್‌ವೆಲ್ ಮೋಟರಿಗೂ ಪೂಜೆ. ಅವರ ದೋಣಿ ಒಂದು ಕಿಲುಬು ಹಿಡಕಂಡು ಅನಾಥ ಹೆಣದಂಗ ಬಿದ್ದಿತ್ತು. ಅವರಿದ್ದಾಗ ಒಂದು ದಿನ ಮುಟ್ಟಾಕ ಬಿಡಲಿಲ್ಲ. ಎಂಟು ವರ್ಷ ಪ್ರತಿ ಅಮಾಸಿಗೂ ನನ್ನ ಕೈ ತುರಿಸ್ತಿತ್ತು."

"ಅಮ್ಮಾರ, ಅವರು ಯಾಕ ಬಿಡ್ತಿರಲಿಲ್ಲ ಅಂತ ಗೊತ್ತೈತೇನ್ರಿ?"

"ಗೊತ್ತಿಲ್ದ ಏನು, ದಿನಾ ಅದ ಪುರಾಣ. ವೈಜಾಗಿನ್ಯಾಗ ಹಡಗು ಕಟ್ಟೋ ಕೆಲಸ ಮಾಡಿ ಬಂದೋರು. 'ಶಂಕ್ರೀ, ಕಂಚು ತಾನಾಗಿ ಬಣ್ಣ ತಗಬೇಕು. ಮೊದಲ ವರ್ಷ ಕಂದು, ಆಮ್ಯಾಲ ಕರಿ, ಆಮ್ಯಾಲ ಸಂದಿನ್ಯಾಗ ಹಸ್ರು. ಅದು ಹೊಲಸಲ್ಲ, ಅದರ ಚರ್ಮ. ತಿಕ್ಕಿದಷ್ಟೂ ಕಂಚು ಸವೀತದ, ಚರ್ಮ ಸುಲದಂಗ' ಅಂತಿದ್ರು." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಹಂಗಂತ ಸತ್ತೋರ ದೋಣಿ ಕಿಲುಬಿನ್ಯಾಗ ಬಿಡಾಕಾಗ್ತದೇನು?"

ಏನು ಹೇಳುವುದು ಈ ಹೆಂಗಸಿಗೆ? ಈ ಸೀಮೆಯಲ್ಲಿ ಯಾರಿದ್ದರೂ ಇದನ್ನೇ ಮಾಡುತ್ತಿದ್ದರು. ಕಂಚು ಕಂಡರೆ ಹುಣಸೆಹಣ್ಣು ನೆನೆಸುವ ಕೈ ಅದು. ಆದರೆ ಆಂಜನೇಯ ನಿನ್ನೆ ಬೆಳಗ್ಗೆ ತಾನೇ ಎಸ್ಸೈ ಮುಂದೆ ನಿಂತು, "ಸಾರ್, ಎಂಟು ವರ್ಷ ತಾನಾಗಿ ಹಿಡಿದ ಕಿಲುಬು ಬೇರೆ, ಯಾರೋ ಕೈಯಾರೆ ಕಟ್ಟಿದ ಕಿಲುಬು ಬೇರೆ. ಮುರಿದ ಕೊಂಡಿ ನಮ್ಮ ಮಾವಂದಲ್ಲ, ಯಾರೋ ಬದಲಿಸ್ಯಾರ. ಮಿಕ್ಕ ಕೊಂಡಿ ಜತಿಗೆ ಇಟ್ಟು ನೋಡಿದ್ರ ಹೇಳ್ತೀನಿ" ಎಂದು ಬೇಡಿಕೊಂಡಿದ್ದ.

ಜತೆಗಿಟ್ಟು ನೋಡಲು ಈಗ ಏನು ಉಳಿದಿತ್ತು? ಸಾಕ್ಷಿಯೆಲ್ಲ ಹುಣಸೆ ನೀರಾಗಿ ಹರಿದುಹೋಗಿತ್ತು.

ಪ್ರಸಾದ್ ಚಪ್ಪಾಳೆ ತಟ್ಟಿದ. "ಮುಗೀತಲ್ಲ ಪತ್ತೇದಾರಿಕೆ! ನಡೀಲಾ ಮನೆಗೆ. ನಿಮ್ ಮಾವ ಸೀಸ ಬೆರೆಸಿ ಕಂಚು ಅಂತ ಕೊಟ್ಟವ್ನೆ, ನಮ್ ಮಾವನ್ನ ಕೊಂದವ್ನೆ. ಅದಕ್ಕೆ ಇನ್ಯಾವ ಲ್ಯಾಬ್ ರಿಪೋರ್ಟು ಬೇಕು?"

"ಸೀಸ ಬೆರೆಸ್ಯಾನ ಅಂತ ಇನ್ನೊಂದು ಸಲ ಅನ್ನು," ಆಂಜನೇಯ ಎರಡು ಹೆಜ್ಜೆ ಮುಂದೆ ಬಂದ. "ಅನ್ನೋ ನೋಡಾನ."

"ಅಂದ್ರೆ ಏನ್ಲಾ ಮಾಡ್ತೀಯಾ?"

"ಇಬ್ಬರೂ ಬಾಯಿ ಮುಚ್ರಿ," ಎಸ್ಸೈ ನಡುವೆ ಬಂದು ಒಂದು ಪ್ಲಾಸ್ಟಿಕ್ ಚೀಲ ಬಿಚ್ಚಿದರು. "ಇದನ್ನ ಯಾರೂ ತಿಕ್ಕಿಲ್ಲ. ಇದನ್ನ ನೋಡು ಮೊದಲು."

ಮುರಿದ ಕೊಂಡಿಯ ತುಂಡು. ಅಂಗೈ ಅಗಲ, ನಡು ದಪ್ಪ, ತಿರುಪು ಕೂರುವ ತೂತು. ಮೈಯೆಲ್ಲ ಕಪ್ಪುಗಂದು, ಸಂದಿನಲ್ಲಿ ಹಸಿರು. ಒಳಮೈಯಲ್ಲಿ ಉಳಿಯಿಂದ ಹೊಡೆದ ಮೂರು ಗೀಟು, ವಿಭೂತಿ ಎಳೆದಂತೆ. ಸೂರಪ್ಪನ ಗುರುತು. ಗುರುತು ಯಾರು ಬೇಕಾದರೂ ಹೊಡೆಯಬಹುದು. ಕಿಲುಬು ಸುಳ್ಳು ಹೇಳುವುದಿಲ್ಲ.

ಆಂಜನೇಯ ಹೆಬ್ಬೆಟ್ಟಿಗೆ ಎಂಜಲು ಮಾಡಿಕೊಂಡು ತಿಕ್ಕಿದ. ಬಣ್ಣ ಬರಲಿಲ್ಲ. ಉಗುರಿನಿಂದ ಕೆರೆದ. ಬರಲಿಲ್ಲ. ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದು ಅದರ ಅಂಚಿನಿಂದ ಗೀರಿದ. ಹಸಿರಿನ ಕೆಳಗೆ ಕಂದು, ಕಂದಿನ ಕೆಳಗೆ ಇನ್ನೂ ಕಂದು. ಮರಕ್ಕೆ ತೊಗಟೆ ಅಂಟಿದಂತೆ ಲೋಹಕ್ಕೆ ಅಂಟಿತ್ತು. ಎಂಟು ಮಳೆಗಾಲ, ಎಂಟು ಬೇಸಿಗೆ ಕೂತು ಕಟ್ಟಿದ ಬಣ್ಣ.

ಅಸಲಿ. ಮಾವನದೇ.

ಮುರಿದ ಬಾಯಿಯನ್ನು ಬಿಸಿಲಿಗೆ ಹಿಡಿದ. ಅದಂತೂ ಇನ್ನೂ ಕೆಟ್ಟದಾಗಿತ್ತು. ಹನ್ನೆರಡು ದಿನದ ಹಿಂದೆ ಒಮ್ಮೆಗೇ ಮುರಿದಿದ್ದರೆ ಬಾಯಿ ಪೂರ್ತಿ ತಿಳಿಬಣ್ಣ ಇರಬೇಕು. ಇಲ್ಲಿ ಮುಕ್ಕಾಲು ಪಾಲು ಕಪ್ಪು. ಅಂಚಿನಲ್ಲಿ ಒಂದು ಉಗುರಿನಷ್ಟು ಮಾತ್ರ ಹೊಸದು. ಬಿರುಕು ವರ್ಷಗಟ್ಟಲೆ ಒಳಗೊಳಗೇ ಬೆಳೆದಿತ್ತು. ನಡುವೆ ಸಾಸಿವೆ ಗಾತ್ರದ ಗುಳ್ಳೆಗಳು. ಎರಕ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡ ಗುಳ್ಳೆ.

"ಏನು ಕಾಣ್ತದೆ?" ಎಸ್ಸೈ ಕೇಳಿದರು.

ಸುಳ್ಳು ಹೇಳಬಹುದಿತ್ತು. ನಾಲ್ಕು ಜನಕ್ಕೆ ತಿಳಿಯುವಂಥದ್ದಲ್ಲ ಅದು.

"ಹಳೇದು, ಸಾರ್. ಬಿರುಕೂ ಹಳೇದ."

ಜನ ಗುಜುಗುಜು ಎಂದರು. ಶಂಕ್ರಮ್ಮ ಕೊಡೆ ಕೆಳಗಿಟ್ಟು ಎದ್ದು ಬಂದರು. ಆ ತುಂಡನ್ನು ನೋಡುತ್ತ ಸಣ್ಣ ದನಿಯಲ್ಲಿ ಕೇಳಿದರು: "ಆ ಬಿರುಕು ಹೊರಗ ಕಾಣ್ತಿತ್ತೇನಪ್ಪ?"

"ಇಲ್ರಿ ಅಮ್ಮಾರ. ಕಿಲುಬಿನ ಕೆಳಗ ಮುಚ್ಚಿ ಹೋಗೈತಿ."

"ಅಂದ್ರ ನಾನು ಮೊದಲ ತಿಕ್ಕಿದ್ರ... ಒಂದು ಅಮಾಸಿ ಅವರ ಮಾತು ಮೀರಿ ತಿಕ್ಕಿದ್ರ, ಕಾಣಿಸ್ತಿತ್ತೇನು?"

ಅವನು ಆಕೆಯ ಮುಖ ನೋಡಲಾರದೆ ದೋಣಿಯ ಕಡೆ ತಿರುಗಿದ. "ಗೊತ್ತಿಲ್ರಿ."

"ಅತ್ತೆ, ನೀವು ಕೂತ್ಕಳಿ. ಇವ್ನ ಹತ್ರ ಏನ್ ಮಾತು?" ಪ್ರಸಾದ್ ಟ್ರ್ಯಾಕ್ಟರಿನವನಿಗೆ ಕೈ ಬೀಸಿದ. "ಹಿಂದಕ್ ತಗಳಪ್ಪೋ, ಹಗ್ಗ ಹಾಕೋಣ!"

ಟ್ರ್ಯಾಕ್ಟರು ಹಿಂದಕ್ಕೆ ಬಂತು. ಇಬ್ಬರು ಹಗ್ಗ ಹಿಡಿದು ದೋಣಿಯ ಹಿಂಬದಿಗೆ ಹೋದರು. ಆಂಜನೇಯ ಸೋತವನಂತೆ ಅವರ ಜತೆ ಹೋದ. ಹೋದವನ ಕಣ್ಣು ಚುಕ್ಕಾಣಿಯ ಕೀಲಿನ ಮೇಲೆ ಬಿತ್ತು.

ಅದೂ ಕಂಚು. ಅದನ್ನೂ ತಿಕ್ಕಿದ್ದರು. ಆದರೆ ಅದು ಕೊಂಡಿಗಳಂತೆ ಹೊಳೆಯುತ್ತಿರಲಿಲ್ಲ. ಉಬ್ಬಿದ ಕಡೆ ಹಳದಿ, ತಗ್ಗಿನಲ್ಲಿ ಕರಿ. ಮೈತುಂಬ ಸೂಜಿಮೊನೆ ಚುಚ್ಚಿದಂಥ ಚುಕ್ಕೆ, ಚುಕ್ಕೆಯೊಳಗೆ ಮಸಿ.

ಬಗ್ಗಿ ಪಕ್ಕದ ಕೊಂಡಿಯನ್ನು ನೋಡಿದ. ಚುಕ್ಕೆ ಇಲ್ಲ. ಅದರಾಚೆಯದು. ಇಲ್ಲ. ದೋಣಿ ಸುತ್ತಿದ. ಈ ಬದಿ ಮೂರು, ಆ ಬದಿ ಮೂರು. ಆರೂ ಮಗುವಿನ ಕೆನ್ನೆಯಂತೆ ನುಣ್ಣಗಿದ್ದವು. ಆಕಾರ ಕಂಡದ್ದೇ ಎನಿಸಿತು. ಎನಿಸದೆ ಏನು, ಅಚ್ಚು ಮಾವನದೇ ತಾನೇ?

"ನಿಲ್ಸ್ರಿ!" ಅವನು ಕೂಗಿದ ರಭಸಕ್ಕೆ ಟ್ರ್ಯಾಕ್ಟರಿನವನು ಬ್ರೇಕು ಒತ್ತಿದ. "ನಿನ್ನೆ ಇವನ್ನ ತಿಕ್ಕಿದ್ದು ಯಾರು? ಕೈಯಾರ ತಿಕ್ಕಿದೋರು ಯಾರು?"

ಜನರ ಹಿಂದಿನಿಂದ ಮೂಕಮ್ಮ ಎಂಬಾಕೆ ಮುಂದೆ ಬಂದಳು. ಭೈರವಾನಿತಿಪ್ಪದವಳು, ಕೂಲಿಯವಳು. ಹೆಸರೊಂದೇ ಮೂಕಿ.

"ನಾನು ತಿಕ್ಕಿದ್ದು. ಯಾಕ, ನೀನು ತಿಕ್ಕೋದು ನಾನು ತಿಕ್ಕಿದೆ ಅಂತ ಹೊಟ್ಟಿ ಉರೀತೇನು?"

ಎಲ್ಲರೂ ನಕ್ಕರು. ಈ ಸಲ ಆಂಜನೇಯನಿಗೆ ಸಿಟ್ಟು ಬರಲಿಲ್ಲ.

"ಅಕ್ಕಾ, ಯಾವುದು ಬಾಳ ಹೊತ್ತು ತಗಂತು?"

"ಯೇ, ಈ ಮೂದೇವಿ," ಮೂಕಮ್ಮ ಚುಕ್ಕಾಣಿಯ ಕೀಲಿಗೆ ಬೆರಳು ತೋರಿಸಿದಳು. "ಹುಣಸಿ ಹಾಕಿದೆ, ಉಪ್ಪು ಹಾಕಿದೆ, ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ನನ್ನ ಕೈ ಸುಲೀತು ಹೊರತು ಅದರ ಕರಿ ಹೋಗಲಿಲ್ಲ. ಈ ಆರು ಮಾತ್ರ ಒಳ್ಳೇವು ನೋಡು. ಹುಣಸಿ ಮುಟ್ಟಿಸಿದ್ದೇ ತಡ, ಹಸ್ರು ಎಲ್ಲ ನೀರಾಗಿ ಇಳದು ಹೋತು."

ಆಂಜನೇಯನ ಎದೆ ಒಮ್ಮೆಗೇ ಹಗುರಾಯಿತು. ಹನ್ನೆರಡು ದಿನದ ಸಿಟ್ಟು, ಈಗ ತಾನೇ ತಿಂದ ಅವಮಾನ, ಎಲ್ಲ ಒಟ್ಟಾಗಿ ಬಾಯಿಗೆ ಬಂತು.

"ಸಾರ್, ಕೇಳಿದ್ರಾ? ಎಂಟು ವರ್ಷದ ಕಿಲುಬು ಹುಣಸಿ ನೀರಿಗೆ ಹೋಗಂಗಿಲ್ಲ. ಕೀಲು ಹಳೇದು, ಅದಕ್ಕ ಹೋಗಿಲ್ಲ. ಈ ಆರು ಕೊಂಡಿ ಹೊಸಾವು! ಮ್ಯಾಲ ಕಳ್ಳ ಕಿಲುಬು ಕಟ್ಟಿ, ಹಳೇವು ಅಂತ ಕೂಡಿಸ್ಯಾರ. ಒಂದೂವರೆ ಎರಡು ವರ್ಷದಾಗ ಮಾಡಿದ್ದು. ಏಳು ಕೊಂಡಿನ್ಯಾಗ ಆರು ಬದಲಾಗ್ಯಾವ, ಬಿರುಕು ಬಿಟ್ಟ ಒಂದನ್ನ ಮಾತ್ರ ಬೇಕಂತ ಬಿಟ್ಟಾರ. ಯಾಕ ಬಿಟ್ರು?"

ಎಸ್ಸೈ ಹುಬ್ಬು ಗಂಟಿಕ್ಕಿದರು. ಈಗ ಯಾರೂ ನಗುತ್ತಿರಲಿಲ್ಲ.

"ನಮ್ಮ ಮಾವ ಎಂಟು ವರ್ಷದ ಹಿಂದ ಮಾಡಿ ಕೊಟ್ಟ, ಮುಗೀತು. ಆಮ್ಯಾಲ ಬಂದು ಆರು ಬಿಚ್ಚಿ, ಆರು ಕೂಡಿಸಿ, ಒಂದನ್ನ ಸಾವಿಗೆ ಅಂತ ಉಳಿಸಿದೋನು ಬ್ಯಾರೆ ಅದಾನ. ಅವಗ ಗೊತ್ತಿತ್ತು. ಈ ಆರು ಕೊಂಡಿ ಯಾರು ಎರಕ ಹೊಯ್ದಾನೋ ಅವನನ್ನ ಹಿಡೀರಿ ಸಾರ್. ಕೊಲೆಗಾರ ಅವನ!" ಅವನು ಪ್ರಸಾದನ ಕಡೆಗೆ ಬೆರಳು ಚಾಚಿದ. "ಇಲ್ಲಾ ಅವನಿಗೆ ಹೇಳಿ ಮಾಡಿಸಿದೋನು!"

ಪ್ರಸಾದ್ ಕೆಂಪಾದ. "ನನ್ಯಾಕ್ಲಾ ತೋರಿಸ್ತೀಯ? ನಾನು ಈ ದೋಣಿ ಹತ್ತಿದ್ದೇ ಒಂದು ಸಲ!"

"ಹಂಗಾದ್ರ ಇವತ್ತ ಒಯ್ಯಾಕ ಯಾಕ ಅಷ್ಟು ಅವಸರ? ಯಾರ ಕಣ್ಣಿಗೂ ಬೀಳಬಾರದಂತೇನು?"

"ನಮ್ ಅತ್ತೆ ದಿನಾ ಬಂದು ಇದರ ಮುಂದೆ ಕೂತು ಅಳ್ತಾವ್ರೆ! ಊಟ ಬಿಟ್ಟು ನಾಕು ದಿನ ಆಯ್ತು! ಕಣ್ಮುಂದೆ ಇಲ್ದಂಗಾದ್ರೆ ತಿಂತಾರೆ ಅಂತ ಒಯ್ತಾ ಇವ್ನಿ. ಅದುನ್ನೂ ನಿನ್ ಕೇಳ್ಬೇಕೇನ್ಲಾ?"

ಮಾತು ನೇರವಾಗಿತ್ತು. ಅಷ್ಟು ನೇರ ಇರುತ್ತದೆಂದು ಆಂಜನೇಯ ಎಣಿಸಿರಲಿಲ್ಲ. ಶಂಕ್ರಮ್ಮ ತಲೆ ಕೆಳಗೆ ಹಾಕಿದರು. ಆಕೆಯ ಕೆನ್ನೆ ಒಳಗೆ ಹೋಗಿದ್ದನ್ನು ಅವನು ಆಗ ಕಂಡ.

ಮೂಕಮ್ಮನಿಗೆ ಮಾತ್ರ ತನ್ನ ಮಾತು ಅರ್ಧಕ್ಕೇ ನಿಂತಿದ್ದು ಸರಿಬಂದಿರಲಿಲ್ಲ. "ಇನ್ನೊಂದು ಕೇಳಪ್ಪಾ. ಹಸ್ರು ಹೋದ ಮ್ಯಾಲ ಕಂಚು ಬರಲಿಲ್ಲ. ನಡಕ ಕೆಂಪು ಬಂತು. ಗ್ವಾಡಿಗೆ ಹುರಮಂಜು ಬಳೀತೀವಲ್ಲ, ಹಂಗ. ಅದೂ ತೊಳದ ಮ್ಯಾಲ ಕಂಚು ಬಂತು. ಅದೇನು ನಂಗ ತಿಳೀಲಿಲ್ಲ."

"ಹುರಮಂಜು?"

"ಹೂಂನಪ್ಪ. ನನ್ನ ಸೆರಗಿಗೂ ಹತ್ತೈತಿ, ನೋಡು."

ಸೆರಗಿನ ಅಂಚಿನಲ್ಲಿ ಕೆಂಪು ಕಲೆ ಇತ್ತು.

ಆಂಜನೇಯ ಅದನ್ನೇ ನೋಡುತ್ತ ನಿಂತ.

ಕಳ್ಳ ಕಿಲುಬು ಕಟ್ಟುವವರು ಉಪ್ಪು, ಗಂಜಲ ಬಳಿದು ಹುಲ್ಲಿನಲ್ಲಿ ಸುತ್ತಿಡುತ್ತಾರೆ. ಎಲ್ಲ ಕಂಚುಗಾರರಿಗೂ ಗೊತ್ತಿರುವ ವಿದ್ಯೆ. ಆದರೆ ಹಸಿರು ಗಟ್ಟಿಯಾಗಿ ಕೂರಲೆಂದು ಕೆಳಗೆ ಹುರಮಂಜನ್ನು ಅಂಟಿನಲ್ಲಿ ಕಲಸಿ ಬಳಿಯುವವರು ಯಾರು? ಮಾವನೂ ಬಳಿಯುತ್ತಿರಲಿಲ್ಲ. "ಇದೆಲ್ಲಿ ಕಲಿತಿಯೋ?" ಎಂದು ಮಾವನೇ ಅಚ್ಚರಿಪಟ್ಟಿದ್ದ. ಎಲ್ಲೂ ಕಲಿತದ್ದಲ್ಲ. ಒಂದು ಮಧ್ಯಾಹ್ನ ಅವನಿಗೇ ಹೊಳೆದದ್ದು. ಆಂಜನೇಯನಿಗೆ.

ಬೇರೆ ಯಾರಿಗಾದರೂ ಹೊಳೆದಿರಬಹುದು. ಹುರಮಂಜು ಎಲ್ಲರ ಮನೆಯಲ್ಲೂ ಇರುತ್ತದೆ. ಇರಬಹುದು. ಇರಲೇಬೇಕು.

"ಒಂದು ಬಿಚ್ಚಿ ನೋಡೋಣ," ಎಸ್ಸೈ ಎಂದರು. "ಒಳಮೈಯಲ್ಲಿ ಗುರುತು ಇರ್ತದಲ್ಲ. ಎರಕ ಹೊಯ್ದವನನ್ನ ಹಿಡೀರಿ ಅಂದೆ. ಬಿಚ್ಚು."

"ಈಗ ಯಾಕ ಸಾರ್, ಸ್ಟೇಶನ್ನಿನ್ಯಾಗ..."

"ಇಷ್ಟೊತ್ತು ಗಂಟಲು ಹರ್ಕೊಂಡೆ. ಈಗ ಯಾಕೆ ಹಿಂದೆ ಮುಂದೆ ನೋಡ್ತೀಯ? ಬಿಚ್ಚಯ್ಯಾ."

ಟ್ರ್ಯಾಕ್ಟರಿನವನ ಸ್ಕ್ರೂಡ್ರೈವರ್ ಕೈಗೆ ಬಂತು. ನಾಲ್ಕು ತಿರುಪು. ಮೊದಲನೆಯದು ಸುಲಭವಾಗಿ ಬಂತು. ಎರಡನೆಯದಕ್ಕೆ ಕೈ ಬೆವೆತು ಜಾರಿತು. ಸುತ್ತಲಿನ ಜನ ಹತ್ತಿರ ಸರಿದರು. ಯಾರದೋ ಬೀಡಿಯ ಹೊಗೆ ಮೂಗಿಗೆ ಬಂತು. ನಾಲ್ಕನೆಯ ತಿರುಪು ಬಿಚ್ಚಿದಾಗ ಕೊಂಡಿ ಅಂಗೈಗೆ ಬಿತ್ತು. ಅವನು ನೋಡುವ ಮೊದಲೇ ಹೆಬ್ಬೆಟ್ಟು ಒಳಮೈಯನ್ನು ಸವರಿತು.

ಎರಡು ಗೀಟು.

ಮಾವನ ಕುಲುಮೆಯಲ್ಲಿ ಅದೊಂದು ನೇಮ. ಕೆಲಸ ಕಲಿಯುವವನಿಗೆ ಎರಡೇ ಗೀಟು. "ಮೂರನೇದು ನಾನು ಹೇಳಿದ ಮ್ಯಾಲ ಹೊಡಿ" ಎಂದು ಮಾವ ಉಳಿ ಕೊಟ್ಟಿದ್ದ. ನಾಲ್ಕು ವರ್ಷವಾದರೂ ಹೇಳಿರಲಿಲ್ಲ. ಆ ಕುಲುಮೆಯಲ್ಲಿ ಎರಡು ಗೀಟಿನವನು ಒಬ್ಬನೇ.

ಹೋದ ವರ್ಷ, ಯುಗಾದಿಗೆ ಮುಂಚೆ, ಮಾವ ಅಚ್ಚು ತಂದು ಮುಂದಿಟ್ಟಿದ್ದು ನೆನಪಾಯಿತು. "ನೇಮಕಲ್ಲಿನ ಕಡೆ ಒಂದು ಹಳೇ ಬಾಗಿಲೈತಂತ. ಏಳು ಕೊಂಡಿ ಬೇಕು. ಹಳೇದರ ಜತಿ ಹೊಂದಬೇಕು, ಕಿಲುಬು ಕಟ್ಟು." ಅವನು ಹೊಯ್ದಿದ್ದ. ಅರದಿಂದ ನುಣ್ಣಗೆ ಉಜ್ಜಿದ್ದ. ಹುರಮಂಜು ಬಳಿದು, ಹಸಿರು ಕಟ್ಟಿ, ಹೆಮ್ಮೆಯಿಂದ ತೋರಿಸಿದ್ದ. ಬಾಗಿಲು ಯಾವುದೆಂದು ಕೇಳಿರಲಿಲ್ಲ. ಮಾವ ಹೇಳಿದ ಮೇಲೆ ಕೇಳುವುದೇನು?

ಬಾಗಿಲೇ ಇರಲಿಲ್ಲವೇ?

ಹಾಗಾದರೆ ತನ್ನ ಹಳೆಯ ಎರಕದಲ್ಲಿ ಗುಳ್ಳೆ ಇದೆಯೆಂದು ಮಾವನಿಗೆ ಗೊತ್ತಿತ್ತು. ಗೊತ್ತಿದ್ದು ಗುಟ್ಟಾಗಿ ಬದಲಿಸಿದನೇ? ಬದಲಿಸಿದವನು ಒಂದನ್ನು ಯಾಕೆ ಬಿಟ್ಟ? ಉಮಾಮಹೇಶ್ವರ ಅವರು ಜೀವಮಾನವೆಲ್ಲ ಹಡಗಿನ ಕಂಚು ನೋಡಿದವರು. ಕಳ್ಳ ಕಿಲುಬು ಅವರ ಕಣ್ಣಿನಿಂದ ಒಂದು ದಿನವಾದರೂ ತಪ್ಪಿಸಿಕೊಳ್ಳುತ್ತಿತ್ತೇ? ಅವರಿಗೂ ಗೊತ್ತಿದ್ದರೆ ಬಿರುಕು ಬಿಟ್ಟ ಕೊಂಡಿಗೆ ಕಂಬ ಕಟ್ಟಿ ನೀರಿಗೆ ಇಳಿದದ್ದು ಯಾಕೆ? ಒಂದು ಪ್ರಶ್ನೆಯ ಬಾಲ ಹಿಡಿದರೆ ಇನ್ನೊಂದರ ತಲೆ ಕೈಗೆ ಬರುತ್ತಿತ್ತು. ನಿಂತ ನೆಲವೇ ದೋಣಿಯಂತೆ ತೂಗುತ್ತಿತ್ತು.

"ತೋರಿಸು," ಎಸ್ಸೈ ಕೈ ಚಾಚಿದರು.

ಆಂಜನೇಯನ ಹೆಬ್ಬೆಟ್ಟು ಗುರುತಿನ ಮೇಲಿಂದ ಕದಲಲಿಲ್ಲ. ಎಸ್ಸೈ ತಾವೇ ಕೊಂಡಿಯನ್ನು ಬಿಡಿಸಿಕೊಂಡರು. ಒಳಮೈ ನೋಡಿದರು. ಮುರಿದ ತುಂಡಿನ ಒಳಮೈ ನೋಡಿದರು.

"ಇದಕ್ಕೆ ಮೂರು. ಇದಕ್ಕೆ ಎರಡು. ನೀನು ಹೇಳಿದ್ದು ನಿಜ. ಇದು ಸೂರಪ್ಪನದಲ್ಲ."

ಅಷ್ಟು ಹೇಳಿ ಸುಮ್ಮನಾಗಿದ್ದರೆ ಸಾಕಿತ್ತು. ಅವರು ಜೀಪಿನ ಹತ್ತಿರ ಹೋಗಿ ಇನ್ನೊಂದು ಚೀಲ ತಂದರು. ಬಾಯಿಗೆ ಅರಗು ಹಾಕಿದ ಚೀಲ. ಒಳಗೆ ಒಂದು ಕೊಂಡಿ. ಮುರಿದಿಲ್ಲ, ಎಲ್ಲೂ ಕೂಡಿಸಿಲ್ಲ. ತಿರುಪಿನ ತೂತುಗಳಲ್ಲಿ ಗೀರು ಕೂಡ ಇಲ್ಲ. ಮೈತುಂಬ ಹಸಿರು ಹಾಗೇ ಇತ್ತು. ನೀರಲ್ಲಿ ನೆನೆದ ಒಂದು ಮೂಲೆಯಲ್ಲಿ ಹಸಿರು ಕಿತ್ತು ಕೆಂಪು ಇಣುಕುತ್ತಿತ್ತು.

"ಉಮಾಮಹೇಶ್ವರ ಅವರನ್ನ ನೀರಿಂದ ಎತ್ತಿದಾಗ ಅಂಗಿ ಜೇಬಿನಲ್ಲಿ ಇದಿತ್ತು," ಎಂದರು ಎಸ್ಸೈ. "ಏನೋ ದೋಣಿ ಸಾಮಾನು ಅಂತ ಪಂಚನಾಮೆಯಲ್ಲಿ ಬರೆದಿಟ್ಟಿದ್ದೆ. ಈಗ ಅರ್ಥ ಆಗ್ತಾ ಇದೆ. ಇದಕ್ಕೂ ಎರಡು ಗೀಟು."

"ಜೇಬಿನ್ಯಾಗ?" ಶಂಕ್ರಮ್ಮ ಬಾಯಿಗೆ ಸೆರಗು ಹಿಡಿದರು. "ಅವತ್ತು ಬೆಳಿಗ್ಗೆ ಆ ಅಂಗಿ ನಾನ ಒಗದು ಕೊಟ್ಟೀನಿ. ಖಾಲಿ ಇತ್ತು ಜೇಬು."

ಪ್ರಸಾದ್ ಟ್ರ್ಯಾಕ್ಟರು ನಿಲ್ಲಿಸುವಂತೆ ಸನ್ನೆ ಮಾಡಿ, ಮೆಲ್ಲಗೆ ಕೇಳಿದ: "ಅಂದ್ರೆ ಮನೆ ಬಿಟ್ ಮೇಕೆ, ನೀರಿಗಿಳಿಯಕ್ ಮುಂಚೆ... ಯಾರೋ ತಂದು ಕೊಟ್ಟವ್ರೆ?"

ಇಂಜಿನ್ನು ನಿಂತಿತು. ಕಟ್ಟೆಗೆ ನೀರು ಬಡಿಯುವ ಸದ್ದು ಆಗ ಕೇಳಿಸಿತು.

ಮಾವ ಠಾಣೆಯಲ್ಲಿ ಬರೆಸಿದ ಹೇಳಿಕೆ ಆಂಜನೇಯನಿಗೆ ಬಾಯಿಪಾಠವಾಗಿತ್ತು. ಓದಿ ಹೇಳಿದಾಗ ಅವನು ಪಕ್ಕದಲ್ಲೇ ನಿಂತಿದ್ದ. ಎರಡು ವರ್ಷದಿಂದ ಭೈರವಾನಿತಿಪ್ಪದ ಕಡೆ ಕಾಲಿಟ್ಟಿಲ್ಲ, ಉಮಾಮಹೇಶ್ವರ ಅವರ ಮುಖ ನೋಡಿಲ್ಲ. ಹೆಬ್ಬೆಟ್ಟು ಒತ್ತಿದ್ದು ಮಾವನೇ.

ಎರಡು ಗೀಟು ತನ್ನದೆಂದು ಈಗ ಬಾಯಿ ಬಿಟ್ಟರೆ? ತಾನು ಕೊಟ್ಟದ್ದು ಮಾವನ ಕೈಗೆ. ಮಾವನ ಹೇಳಿಕೆ ಸುಳ್ಳಾಗುತ್ತದೆ. ಮಾವ ಎಲ್ಲ ಗೊತ್ತಿದ್ದೂ ಮುಚ್ಚಿಟ್ಟವನಾಗುತ್ತಾನೆ. ಅಥವಾ ಮಾವನನ್ನು ಬಿಟ್ಟು ತನ್ನನ್ನೇ ಹಿಡಿಯುತ್ತಾರೆ. ಎರಕ ಹೊಯ್ದವನೇ ಕೊಲೆಗಾರ ಎಂದು ಊರ ಮುಂದೆ ಕೂಗಿದವನು ತಾನೇ. ಬಾಯಿ ಬಿಡದಿದ್ದರೆ ಗುಳ್ಳೆ ಬಿದ್ದ ಕೊಂಡಿ ಮಾವನದೇ, ಸಂಜೆಗೆ ಕೇಸು. ಮಾವನನ್ನು ಉಳಿಸಲು ಬಂದವನಿಗೆ, ಉಳಿಸಬೇಕಾದ ಮಾವ ಎಂಥವನೆಂಬುದೇ ಈಗ ತಿಳಿಯದಾಗಿತ್ತು.

ಶಂಕ್ರಮ್ಮ ಹತ್ತಿರ ಬಂದರು. ಬೆಳಗಿನಿಂದ ಆಕೆ ಅವನನ್ನು ಮುಟ್ಟುವಷ್ಟು ಹತ್ತಿರ ಬಂದಿರಲಿಲ್ಲ. ಈಗ ತೋಳು ಹಿಡಿದರು.

"ನಿನ್ನ ಮಾವನ ಮ್ಯಾಲ ಸಿಟ್ಟಿಲ್ಲಪ್ಪ ನಂಗ. ಅವತ್ತು ಇವರ ಕೈಗೆ ಇದನ್ನ ಯಾರು ಕೊ‌ಟ್ರು, ಕೊನೀಗೆ ಇವರ ಜತಿ ಯಾರು ಮಾತಾಡಿದ್ರು, ಅಷ್ಟು ತಿಳಿಬೇಕು. ನೀನು ಕಂಚು ಮುಟ್ಟಿದ್ರ ಹೇಳ್ತೀ ಅಂತಾರ. ಇದು ಯಾರ ಕೈ ಅಂತ ಹೇಳು. ಹೇಳಿದ್ರ ಸೂರಪ್ಪನ ಮ್ಯಾಲ ಕೊಟ್ಟ ಕಂಪ್ಲೇಂಟು ನಾನು ಇಲ್ಲೇ, ಎಸ್ಸೈ ಸಾಹೇಬ್ರ ಮುಂದ, ವಾಪಸ್ ತಗಂತೀನಿ."

"ಹೇಳ್ಲಾ," ಎಂದ ಪ್ರಸಾದ್. ದನಿಯಲ್ಲಿ ಕುಹಕ ಇರಲಿಲ್ಲ. "ಗೊತ್ತಿದ್ರೆ ಹೇಳ್ಬಿಡು ಮಾರಾಯ."

"ಚೆಪ್ಪಯ್ಯಾ," ಎಸ್ಸೈ ಪೆನ್ನು ತೆಗೆದಿದ್ದರು. "ಎರಡು ಗೀಟು ಯಾರದು?"

ಎಲ್ಲರ ಕಣ್ಣೂ ಅವನ ಬಾಯಿಯ ಮೇಲಿತ್ತು. ಆಂಜನೇಯ ಶಂಕ್ರಮ್ಮನವರ ಕೈಯನ್ನು ಮೆಲ್ಲಗೆ ಬಿಡಿಸಿದ. ಸ್ಕ್ರೂಡ್ರೈವರನ್ನು ಟ್ರ್ಯಾಕ್ಟರಿನವನ ಕೈಗಿಟ್ಟ. ಬೆವೆತ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಮೆಟ್ಟಿಲ ಕಡೆ ತಿರುಗಿ ಹತ್ತತೊಡಗಿದ.

ಜನ ತಾವಾಗಿ ದಾರಿ ಬಿಟ್ಟರು.

"ಏಯ್, ಕೇಳಿದ್ದಕ್ಕೆ ಹೇಳಿ ಹೋಗು! ನಿನ್ನೇ!" ಎಸ್ಸೈ ಗದರಿದರು.

ಅವನು ಕಟ್ಟೆಯ ಮೇಲೆ ಬಂದ. ಗುಮ್ಮಗಟ್ಟದ ಮೇಲೆ ರಾಯದುರ್ಗಕ್ಕೆ, ಮಾವನ ಕುಲುಮೆಗೆ ಹೋಗುವ ರಸ್ತೆ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಹಿಂದೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಹತ್ತಿರ ಬರುತ್ತಿತ್ತು. ಆಂಜನೇಯ ತಿರುಗಿ ನೋಡಲಿಲ್ಲ, ಓಡಲೂ ಇಲ್ಲ. ನಡೆಯುತ್ತಲೇ ಹೋದ.